ಉಚ್ಚಂಗಿ ಗೆದ್ದವನ ಕೊನೆಯ ಮೂರು ದಿನ

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕೆ ಹೋದವರು ಉಚ್ಚಂಗೆಮ್ಮನ ದರ್ಶನ ಮಾಡಿ, ಕೋಟೆ ಸುತ್ತಿ ಇಳಿದು ಬರ್ತಾರೆ. ನೊಳಂಬವಾಡಿಯ ಈ ಹೆಸರಾಂತ ಕೋಟೆಯನ್ನು ಗಂಗರ ಇಮ್ಮಡಿ ಮಾರಸಿಂಹ ಹಿಡಿದ ಸುದ್ದಿ ಮಾತ್ರ ದೂರದ ಶ್ರವಣಬೆಳಗೊಳದಲ್ಲಿ, ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಮೇಲಿದೆ. ‘ನೊಳಂಬಕುಲಾಂತಕ’ ಅನ್ನೋ ಬಿರುದು ಅವನದೇ.

ಆ ಕಂಬದಲ್ಲಿ ಯುದ್ಧಗಳ ಪಟ್ಟಿ ಉದ್ದಕ್ಕಿದೆ. ಸಾವಿನ ಮಾತು ಕೊನೆಯ ಕೆಲವೇ ಸಾಲು: ರಾಜ್ಯ ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತದಲ್ಲಿದ್ದು ತೀರಿಕೊಂಡ. ಕಾಲ ಸುಮಾರು 974. ಅಜಿತಸೇನರು ಚಾವುಂಡರಾಯನಿಗೂ ಗುರು, ಕವಿ ರನ್ನನಿಗೂ ಗುರು. ಇತಿಹಾಸದ ಪುಸ್ತಕಗಳು ಮಾರಸಿಂಹನ ಯುದ್ಧಗಳನ್ನು ಎಣಿಸಿ ಮುಂದೆ ಹೋಗುತ್ತವೆ. ನನಗೆ ಕುತೂಹಲ ಆ ಮೂರು ದಿನದ್ದು. ‘ಸನ್ನಿಧಿ’ ಅಂದರೆ ಏನು? ಪಕ್ಕದಲ್ಲಿದ್ದವರು ಏನು ಮಾಡ್ತಿದ್ದರು?

ಶಿವಾರ್ಯನ ಪ್ರಾಕೃತ ಗ್ರಂಥ ‘ಭಗವತೀ ಆರಾಧನೆ’ ಇದಕ್ಕೆ ಬಹಳ ವಿವರವಾಗಿ ಉತ್ತರ ಕೊಡುತ್ತದೆ. ಸಲ್ಲೇಖನ ಹಿಡಿದವನು ಕ್ಷಪಕ, ಅವನನ್ನು ಕೊನೆ ಮುಟ್ಟಿಸುವವರು ನಿರ್ಯಾಪಕರು. ಪೂರ್ಣ ಸಂಖ್ಯೆ 48. ನಾಲ್ಕು ನಾಲ್ಕು ಜನರ ಹನ್ನೆರಡು ತಂಡ. ಮಗ್ಗುಲು ಬದಲಿಸೋರು ನಾಲ್ವರು, ಧರ್ಮಕಥೆ ಹೇಳೋರು ನಾಲ್ವರು, ಮಲಮೂತ್ರ ತೆಗೆಯೋರು ನಾಲ್ವರು, ರಾತ್ರಿ ಎಚ್ಚರ ಇರೋರು ನಾಲ್ವರು, ಬಾಗಿಲು ಕಾಯೋರು ನಾಲ್ವರು. ನೋಡಲು ಬಂದ ಜನಕ್ಕೆ ಹೊರಗೇ ಧರ್ಮ ಹೇಳೋಕೂ ಬೇರೆ ನಾಲ್ವರು, ಒಳಗೆ ಗದ್ದಲ ಆಗಬಾರದಲ್ಲ! ಇವರೆಲ್ಲ ಮುನಿಗಳೇ, ಈ ಸೇವೆಗೆ ‘ವೈಯಾವೃತ್ಯ’ ಅಂತ ಹೆಸರು, ಅದನ್ನು ತಪಸ್ಸಿನಲ್ಲೇ ಎಣಿಸಿದ್ದಾರೆ.

ಅಷ್ಟು ಜನ ಸಿಗದಿದ್ದರೆ ಸಂಖ್ಯೆ ಇಳಿಸಬಹುದು, ಕಡೆಗೆ ಇಬ್ಬರಾದರೂ ಇರಬೇಕು. ಒಬ್ಬನೇ ಸಾಲದು. ಕಾರಣ ಸರಳ. ಅವನು ಭಿಕ್ಷೆಗೆ ಹೋದರೆ ಸಾಯುವವನು ಒಂಟಿ. ಹೋಗದಿದ್ದರೆ ಅವನೇ ಉಪವಾಸ.

ಇನ್ನೊಂದು ಮಾತು, ಕನ್ನಡಿಗರಿಗೆ ಮುಖ್ಯವಾದದ್ದು. ನೋವಿನಲ್ಲಿ ಕ್ಷಪಕನ ಮನಸ್ಸು ಕುಸಿದಾಗ ಹಿಂದೆ ಇಂಥದ್ದನ್ನು ಸಹಿಸಿದವರ ಕಥೆ ಹೇಳಬೇಕು. ಆ ಭಾಗದ ಹೆಸರೇ ‘ಕವಚ’. ನಮ್ಮ ಹಳೆಯ ಗದ್ಯ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಮೂಲ ಈ ಕವಚದ ಗಾಹೆಗಳು. ತರಗತಿಯಲ್ಲಿ ಸುಕುಮಾರಸ್ವಾಮಿಯ ಕಥೆ ಓದಿ, ನರಿ ಅವನನ್ನು ತಿನ್ನೋ ಭಾಗಕ್ಕೆ ‘ಅಯ್ಯೋ ಇದೇನು’ ಅಂದವರು ಬಹಳ. ಹಾಸಿಗೆ ಪಕ್ಕ ಕೂತು ಹೇಳೋ ಕಥೆ ಅಂತ ಓದಿ ನೋಡಿ, ಬೇರೆಯೇ ಕೇಳಿಸುತ್ತದೆ.

ಗುರುಗಳ ಕೆಲಸ ಎಷ್ಟು ಸೂಕ್ಷ್ಮ ಅನ್ನೋದಕ್ಕೆ ಮಾಚಿಕಬ್ಬೆಯ ಶಾಸನ ನೋಡಬೇಕು. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ತಾನಿರಲಾರೆ ಎಂದು ತಾಯಿ ಮಾಚಿಕಬ್ಬೆ ಬೆಳ್ಗೊಳಕ್ಕೆ ಬಂದಳು. ಪ್ರಭಾಚಂದ್ರ, ವರ್ಧಮಾನ, ರವಿಚಂದ್ರ ಈ ಮೂವರು ಗುರುಗಳ ಮುಂದೆ ಸನ್ಯಸನ ಹಿಡಿದು, ಒಂದು ತಿಂಗಳು ಉಪವಾಸವಿದ್ದು ಮುಗಿಸಿದಳು. ಆದರೆ ತತ್ತ್ವಾರ್ಥಸೂತ್ರದ ಪ್ರಕಾರ ಬೇಗ ಸಾಯಬೇಕೆಂಬ ಆಸೆಯೂ ದೋಷ, ಬದುಕಬೇಕೆಂಬ ಆಸೆಯೂ ದೋಷ, ಪ್ರೀತಿಸಿದವರ ನೆನಪಿಗೆ ಅಂಟಿಕೊಳ್ಳುವುದೂ ದೋಷ. ಹಾಗಾದರೆ ಮಗಳ ದುಃಖದಲ್ಲಿ ಬಂದ ಈ ತಾಯಿಗೆ ಆ ಮೂವರು ಒಂದು ತಿಂಗಳು ಬರೀ ಮಂತ್ರ ಹೇಳಿರಲಾರರು. ಮೊದಲು ಆ ದುಃಖದ ಜೊತೆ ಕೂತಿರಬೇಕು ಅನ್ನೋದು ನನ್ನ ಊಹೆ.

ಈ ಕೆಲಸ ಶಾಸನಗಳಲ್ಲಿ ಯಾಕೆ ಇಷ್ಟು ಕಡಿಮೆ? ನಮ್ಮ ಕಡೆಯ ಕೋಗಳಿಯನ್ನೇ ತಗೊಳ್ಳಿ. ಅಲ್ಲಿನ ಬಸದಿಯನ್ನು ಗಂಗರ ದುರ್ವಿನೀತ ಕಟ್ಟಿಸಿದ್ದು ಅಂತ 1055ರ ಶಾಸನ ಹೇಳುತ್ತದೆ. ಅಂದರೆ ಶತಮಾನಗಳ ಹಿಂದಿನ ಹೆಸರು ಉಳಿದಿದೆ. ದಾನಕ್ಕೆ ಸಾಕ್ಷಿ ಬೇಕು, ಗಡಿ ಬೇಕು, ಹಾಗಾಗಿ ಕಲ್ಲು ಬೇಕು. ರಾತ್ರಿಯಿಡೀ ಎದ್ದಿದ್ದವನಿಗೆ ಭೂಮಿಯೂ ಇಲ್ಲ, ಸುಂಕವೂ ಇಲ್ಲ. ಬರೆಸೋ ಅಗತ್ಯ ಯಾರಿಗಿತ್ತು?

ಚಿಕ್ಕಬೆಟ್ಟದ ಅತಿ ಹಳೆಯ ಶಾಸನ, ಸುಮಾರು 600ರದ್ದು, ಇದಕ್ಕೊಂದು ಅಪವಾದ. ಕೊನೆಗಾಲ ಬಂತೆಂದು ಅರಿತ ಆಚಾರ್ಯ ಇಡೀ ಸಂಘವನ್ನು ಮುಂದೆ ಕಳಿಸಿ, ಒಬ್ಬನೇ ಶಿಷ್ಯನನ್ನು ಉಳಿಸಿಕೊಂಡ. ಆ ಆಚಾರ್ಯ ಭದ್ರಬಾಹುವೋ ಪ್ರಭಾಚಂದ್ರನೋ ಅಂತ ವಿದ್ವಾಂಸರು ನೂರು ವರ್ಷಕ್ಕೂ ಹೆಚ್ಚು ಕಾಲ ಜಗಳವಾಡಿದ್ದಾರೆ, ಸಂತೋಷ. ನನಗೆ ಕಾಡೋದು ಆ ‘ಒಬ್ಬ ಶಿಷ್ಯ’. ಶಾಸ್ತ್ರ ಬೇಡ ಅಂದ ಜಾಗದಲ್ಲೇ ಅವನು ಕೂತಿದ್ದ.

ಹೊಲದ ಬದುವಿನಲ್ಲೋ ಗುಡಿಯ ಹಿಂದೋ ನಿಸಿಧಿಗಲ್ಲು ಕಂಡರೆ ಅಕ್ಷರ ಓದುವ ಮುಂಚೆ ಕೆಳಗಿನ ಪಟ್ಟಿಕೆ ನೋಡಿ. ಎಷ್ಟೋ ಕಲ್ಲುಗಳಲ್ಲಿ ಎದುರುಬದುರು ಇಬ್ಬರು ಕೂತಿರುತ್ತಾರೆ, ನಡುವೆ ಗ್ರಂಥ ಇಡುವ ಪೀಠ. ಒಬ್ಬರು ಕೈಮುಗಿದು ಕೇಳುತ್ತಿದ್ದಾರೆ. ಇನ್ನೊಬ್ಬರು ಹೇಳುತ್ತಿದ್ದಾರೆ.