ಬೇಸ್‌ಬಾಲ್ ಸ್ಮರಣಿಕೆಗಳು: ಆರಂಭಕಾಲ

ಅಮೆರಿಕದಲ್ಲಿ 19ನೆಯ ಶತಮಾನದ ನಡುವೆ ರೂಪುಗೊಂಡ ಬೇಸ್‌ಬಾಲ್ ಆಟದ ಚೆಂಡು, ದಾಂಡು, ಛಾಯಾಚಿತ್ರ, ಕಾರ್ಡು, ದಾಖಲೆಗಳನ್ನು ಸಂಗ್ರಹಿಸುವ ಹವ್ಯಾಸ. ಅಂದು ಆಡಿದ ಚೆಂಡು ಗೆದ್ದ ತಂಡಕ್ಕೇ ಸಲ್ಲುತ್ತಿತ್ತು. ಅದಕ್ಕೆ ಬಣ್ಣ ಬಳಿದು ದಿನಾಂಕ, ಅಂಕಗಳನ್ನು ಬರೆದಿಡುತ್ತಿದ್ದರು. ಕೈಯಲ್ಲಿ ಹೊಲಿದ ಈ ತೊಗಲಿನ ಚೆಂಡುಗಳಷ್ಟು ಆಪ್ತವಾದ ಸಾಕ್ಷ್ಯ ಬೇರೆ ಇಲ್ಲ. ಒಂಬತ್ತು ಇನ್ನಿಂಗ್ಸ್, ಬೇಸ್‌ಗಳ ನಡುವೆ 90 ಅಡಿ ಎಂಬ ನಿಯಮಗಳನ್ನೊಳಗೊಂಡ 1857ರ ಹಸ್ತಪ್ರತಿ ನ್ಯೂಯಾರ್ಕ್‌ನ ನಿಕರ್‌ಬಾಕರ್ ಕ್ಲಬ್ಬಿನ ಡೇನಿಯಲ್ ಆಡಮ್ಸ್ ಅವರದು; 2016ರ ಹರಾಜಿನಲ್ಲಿ ಅದಕ್ಕೆ 32.6 ಲಕ್ಷ ಡಾಲರ್ ಬಂತು. ಸಿಗರೇಟು ಪೊಟ್ಟಣದೊಳಗೆ ಬರುತ್ತಿದ್ದ ಆಟಗಾರ ಹಾನಸ್ ವ್ಯಾಗ್ನರ್ ಅವರ ಕಾರ್ಡು (1909–11) ಇನ್ನೂ ದುಬಾರಿಯಾದರೂ ಚಾರಿತ್ರಿಕ ಮಹತ್ತ್ವ ಹಸ್ತಪ್ರತಿಯದೇ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಸ್ಪಾಲ್ಡಿಂಗ್ ಬೇಸ್‌ಬಾಲ್ ಸಂಗ್ರಹದಿಂದ ಹಲವು ಚಿತ್ರಗಳು ಕಳುವಾಗಿರುವುದರಿಂದ, ಕೊಳ್ಳುವವರು ವಸ್ತು ಯಾರ ಯಾರ ಕೈದಾಟಿ ಬಂದಿದೆಯೆಂದು ಮೊದಲು ವಿಚಾರಿಸಲೇಬೇಕು.