ಮುಂಗಾರಿಗೆ ಮುಂಚಿನ ಕುಲುಮೆ

ಭರಣಿ ಮಳೆ ನಾಲ್ಕು ಹನಿ ಉದುರಿಸಿತು ಅಂದರೆ ಸಾಕು, ಶಿವಮೊಗ್ಗ, ಭದ್ರಾವತಿ ಸುತ್ತಿನ ಹಳ್ಳಿಗಳಲ್ಲಿ ಅಟ್ಟದ ಮೇಲಿದ್ದ ಕಬ್ಬಿಣವೆಲ್ಲ ಕೆಳಗಿಳೀತಿತ್ತು. ಕುಳ, ಗುದ್ದಲಿ, ಹಾರೆ, ಪಿಕಾಸಿ, ಕತ್ತಿ, ಕುಡುಗೋಲು. ತುಕ್ಕು ಕೆರೆದು, ಅಲ್ಲಾಡುವ ಕಾವು ಕಿತ್ತು ಕುಲುಮೆಗೆ ಹೊರಬೇಕು. ಜೂನ್ 8ರ ಹೊತ್ತಿಗೆ ಮೃಗಶಿರ ಹುಟ್ಟುವುದರೊಳಗೆ ಎಲ್ಲ ಹಣಿಸಿ ಮುಗಿದಿರಬೇಕು. ಮೊಂಡು ಕುಳ ಹಿಡಿದು ನಿಂತವನಿಗಾಗಿ ಮಳೆ ಕಾಯುವುದಿಲ್ಲ.

ನಮ್ಮ ಪಠ್ಯಪುಸ್ತಕದಲ್ಲಿ ಕೆಳದಿ ಅರಸರ ಕತ್ತಿಗೆ ಜಾಗ ಇದೆ, 1763ರಲ್ಲಿ ಬಿದನೂರು ಹಿಡಿದ ಹೈದರನ ಕತ್ತಿಗೂ ಇದೆ. ಅವರಿಗೆಲ್ಲ ಅನ್ನ ಹಾಕಿದ ಗುದ್ದಲಿಗೆ ಒಂದು ಸಾಲಿಲ್ಲ. ಮೇಷ್ಟ್ರುಗಳು ಈ ಮಾತು ಗಮನಿಸಬೇಕು.

ಕುಲುಮೆಯ ಒಳಗೆ ಕತ್ತಲು. ಬಡತನ ಅಂತ ತಿಳೀಬೇಡಿ. ಕಾದ ಕಬ್ಬಿಣದ ಬಣ್ಣ ಕಾಣಬೇಕಾದರೆ ಕತ್ತಲೇ ಬೇಕು. ಸವೆದ ಕುಳದ ತುದಿಗೆ ಹೊಸ ಕಬ್ಬಿಣ ಬೆಸೆದು, ಕೆಂಪಗೆ ಕಾಸಿ, ಬಡಿದು, ಅಲಗನ್ನಷ್ಟೇ ನೀರಿಗೆ ಅದ್ದಿ ಹದ ಕೊಡಬೇಕು. ಹದ ಮೀರಿದರೆ ಕಲ್ಲಿಗೆ ತಾಗಿ ಪಟ್ಟನೆ ಮುರಿಯುತ್ತೆ, ಕಮ್ಮಿಯಾದರೆ ಬಾಗಿಕೊಳ್ಳುತ್ತೆ. ಆಮೇಲೆ ಕಾವು. ಕಾವಿಗೆ ಬೆಣೆ ಹೊಡೆದು ಒಂದು ರಾತ್ರಿ ನೀರಲ್ಲಿ ಅದ್ದಿಟ್ಟರೆ ಮರ ಊದಿ ಬಿಗಿಯಾಗುತ್ತೆ.

ಈ ಬೆಂಕಿಗೆ ಉಸಿರು ಎಲ್ಲಿಂದ ಬಂತು? ತಿದಿಯಿಂದ. ತಿದಿ ಅಂದರೆ ಚರ್ಮ. ಸತ್ತ ದನ ಹೊತ್ತು, ಸುಲಿದು, ಸುಣ್ಣದಲ್ಲಿ ನೆನೆಸಿ, ತಂಗಡಿ ಚಕ್ಕೆಯ ನೀರಲ್ಲಿ ಹದ ಮಾಡಿದ ಮಾದಿಗರ ಕೈಕೆಲಸ. ಅದು ಹರಿದರೆ ಇಡೀ ಊರಿನ ಉಳುಮೆ ನಿಲ್ಲುತ್ತಿತ್ತು. ಆದರೆ ಚರ್ಮ ಕುಲುಮೆಯ ಒಳಗೆ, ಅದನ್ನು ಹದ ಮಾಡಿದವನು ಹೊರಗೆ. ಸುಗ್ಗಿಯಲ್ಲಿ ಆಯದ ಭತ್ತ ಅಳೆಯುವಾಗಲೂ ಅವನು ನಿಲ್ಲಬೇಕಾದ್ದು ಕಣದ ಅಂಚಿನಲ್ಲೇ.

ಕಮ್ಮಾರನ ಆಯವೂ ಸಾಮಾನ್ಯವಾಗಿ ನೇಗಿಲ ಲೆಕ್ಕದಲ್ಲಿ. ನೇಗಿಲೇ ಇಲ್ಲದವರ ಮಾತೇನು? ಜೀತದಾಳು ಕುಲುಮೆಗೆ ಹೊತ್ತೊಯ್ದ ಗುದ್ದಲಿ ಧಣಿಯದ್ದು, ಹಣಿಸಿ ತಂದು ಅಗೆದ ನೆಲವೂ ಧಣಿಯದ್ದು, ಅಂಗೈಯ ಬೊಬ್ಬೆ ಮಾತ್ರ ಅವನದ್ದು. ಆಯುಧಪೂಜೆ ಬರುವುದು ಆಶ್ವಯುಜದಲ್ಲಿ, ವರ್ಷದ ಅಗೆತ ಉಳುಮೆ ಮುಕ್ಕಾಲು ಮುಗಿದ ಮೇಲೆ. ಆಗ ಕುಂಕುಮ ಹಚ್ಚುವ ಕೈಯೇ ಬೇರೆ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. 1923ರ ಜನವರಿ 18ರಂದು ಅಲ್ಲಿ ಮೈಸೂರು ಸರ್ಕಾರದ ದೊಡ್ಡ ಕುಲುಮೆ ಹೊತ್ತಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡು ಸುಟ್ಟ ಇದ್ದಿಲು. ಇದರಿಂದ ಪಕ್ಕದ ಹಳ್ಳಿಯ ಕಮ್ಮಾರನಿಗೆ ಬಂದದ್ದೇನು? ಮೊದಲ ವರ್ಷಗಳಲ್ಲಿ ಕಾರ್ಖಾನೆ ಕೊಟ್ಟದ್ದು ಬೀಡು ಕಬ್ಬಿಣ. ಬೀಡನ್ನು ಅಚ್ಚಿಗೆ ಹೊಯ್ಯಬಹುದು, ಪೈಪು ಮಾಡಬಹುದು. ಸುತ್ತಿಗೆ ಬಿದ್ದರೆ ಒಡೆದುಹೋಗುತ್ತೆ. ಕುಳ ಮಾಡಲು ಬಡಿದರೆ ಬಾಗುವ ಕಬ್ಬಿಣ ಬೇಕು. ಅಲ್ಲಿ ಉಕ್ಕು ಬಂದದ್ದು 1936ರಲ್ಲಿ. ಆಮೇಲಾದರೂ ಹಳ್ಳಿಯ ಕುಲುಮೆಯನ್ನು ಉಳಿಸಿದ್ದು ಗುಜರಿಯೇ. ಲಾರಿಯ ಸವೆದ ಸ್ಪ್ರಿಂಗ್ ಪಟ್ಟಿ ಕತ್ತಿಯಾಯಿತು, ಕುಡುಗೋಲಾಯಿತು.

ಇದೇ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿಗೆ ಬರೋಣ. 1951ರ ಏಪ್ರಿಲ್, ಅಂದರೆ ಊರೂರಲ್ಲಿ ನೇಗಿಲು ಸಜ್ಜು ಮಾಡುವ ಹೊತ್ತು. ಜಗಳ ಎದ್ದದ್ದು ಇನ್ನೊಂದು ಸಲಕರಣೆಯ ಮೇಲೆ, ಗೇಣಿ ಅಳೆಯುವ ಕೊಳಗದ ಮೇಲೆ. ಧಣಿಗಳ ಕೊಳಗ ನ್ಯಾಯದ ಅಳತೆಗಿಂತ ಹೆಚ್ಚು ಹಿಡಿಯುತ್ತಿತ್ತು. (ಅದಕ್ಕೆ ತುಕ್ಕು ಹಿಡಿಯುವ ಭಯ ಇರಲಿಲ್ಲ, ದುರಸ್ತಿಯೂ ಬೇಕಿರಲಿಲ್ಲ.) ಕೇಳಿದ ದೀವರ ಗೇಣಿದಾರರನ್ನು ನೆಲ ಬಿಡಿಸಿದರು. ಎಚ್. ಗಣಪತಿಯಪ್ಪನವರ ಜತೆ ಸಂಘ ಕಟ್ಟಿದ್ದ ರೈತರು ನೇಗಿಲು ಹಿಡಿದು ಅದೇ ಗದ್ದೆಗಿಳಿದು ಜೈಲಿಗೆ ಹೋದರು. ಶಾಂತವೇರಿ ಗೋಪಾಲಗೌಡರು ಬಂದರು. ಜೂನ್‌ನಲ್ಲಿ ಬಂದ ಲೋಹಿಯಾ ಅವರನ್ನೂ ಬಂಧಿಸಿದರು. ಆ ವರ್ಷ ಹಣಿಸಿದ ಕುಳಗಳಲ್ಲಿ ಕೆಲವು ಉತ್ತದ್ದಕ್ಕಿಂತ ಕಾನೂನು ಮುರಿದದ್ದೇ ಹೆಚ್ಚು.

ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ 1974ರಲ್ಲಿ ಬಂತು, ಜೀತ ರದ್ದು ಮಾಡಿದ ಕಾಯ್ದೆ 1976ರಲ್ಲಿ. ಗೇಣಿದಾರನಿಗೆ ನೆಲ ಸಿಕ್ಕಿತು. ಆದರೆ ಗೇಣಿ ಚೀಟಿಯೂ ಇಲ್ಲದೆ ಕೂಲಿಗೆ ಅಗೆದವನು ಯಾವ ಅರ್ಜಿ ಹಾಕಬೇಕಿತ್ತು? ಬಹುಪಾಲು ಹೊಲೆಮಾದಿಗರ ಪಾಲಿಗೆ ಬಂದದ್ದು ಗುದ್ದಲಿಯಷ್ಟೇ.

ಭದ್ರಾವತಿಯ ಕಾರ್ಖಾನೆಗೆ 2023ಕ್ಕೆ ನೂರು ತುಂಬಿತು. ಅದೇ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಆ ವರ್ಷವೇ ಬಾರ್ ಮಿಲ್ ಮತ್ತೆ ತಿರುಗಿತು. ಹಳ್ಳಿಯ ಕುಲುಮೆ ಮುಚ್ಚುವಾಗ ಧರಣಿ ಕೂರುವವರು ಯಾರೂ ಇರಲಿಲ್ಲ. ಪಟ್ಟಣದ ಅಂಗಡಿಯ ಗುದ್ದಲಿ ಬಂತು, ಟಿಲ್ಲರ್ ಬಂತು, ತಿದಿಯ ಜಾಗಕ್ಕೆ ಗಾಳಿ ಯಂತ್ರ ಬಂತು.

ಅಡಿಕೆ ತೋಟದಲ್ಲಿ ಮಾತ್ರ ಈಗಲೂ ಮಳೆಗೆ ಮುಂಚೆ ಕುಡುಗೋಲು ತಿಕ್ಕಿ ಹೊಳಪು ಮಾಡುವ ಒಂದು ಕೆಲಸ ಉಳಿದಿದೆ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವುದನ್ನು ನೂರು ವರ್ಷಕ್ಕೂ ಹಿಂದೆ ಮಲೆನಾಡಿಗೆ ತಂದವರು ಮೈಸೂರಿನ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ನೋಡಲು ಕೂಲಿಯಾಳು ಹೊಳೆಯುವ ಕುಡುಗೋಲನ್ನು ಅದರಲ್ಲಿ ಅದ್ದಿ ತೆಗೀತಾನೆ. ಅಲಗಿಗೆ ತಾಮ್ರದ ಕೆಂಪು ಹಿಡಿದಿದ್ದರೆ, ಇನ್ನೊಂದಿಷ್ಟು ಸುಣ್ಣ ಹಾಕ್ತಾನೆ.