ಕೊಳವೆಯೊಳಗಿನ ಗಾಳಿ

ವಿಜಯಪುರದವರ ಕಾರಿಗೆ ಹೀಟರ್ ಯಾತಕ್ಕೆ ಎಂದು ನಗುವವರು ನಮ್ಮ ಊರಿನ ಬೇಸಿಗೆಯನ್ನಷ್ಟೇ ಕಂಡವರು. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಈ ಎರೆಯ ನೆಲ ಡಿಸೆಂಬರಿನ ಬೆಳಗಿನ ಜಾವದಲ್ಲಿ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬಯಲು ಸೀಮೆಯ ಆ ಕುಳಿರ್ಗಾಳಿಗೆ ಅಡ್ಡ ಬರಲು ಒಂದು ಗುಡ್ಡವೂ ಇಲ್ಲ.

ಎರಡು ವರ್ಷದ ಹಿಂದೆ ಅಂಥದೊಂದು ಬೆಳಗಿನ ಐದು ಗಂಟೆಗೆ ತಿಕೋಟಾದಿಂದ ತಮ್ಮನ ಫೋನು ಬಂತು. ಅವ್ವನಿಗೆ ದಮ್ಮು ಏರಿತ್ತು. ನನ್ನ ಹಳೆಯ ಸಣ್ಣ ಕಾರು ತೆಗೆದುಕೊಂಡು ಹೋಗಿ, ಅವಳನ್ನು ಹಿಂದಿನ ಸೀಟಿನಲ್ಲಿ ತಮ್ಮನ ತೋಳಿಗೆ ಒರಗಿಸಿ ಹೊರಟೆ. ಹೀಟರಿನ ಗುಂಡಿಯನ್ನು ಕೆಂಪು ಗೆರೆಯ ಕೊನೆಯವರೆಗೆ ತಿರುಗಿಸಿದೆ. ಫ್ಯಾನು ಭರ್ರೆಂದು ಬೀಸಿತು, ಆದರೆ ಬಂದದ್ದು ತಣ್ಣನೆಯ ಗಾಳಿ.

"ಅದನ್ ಬಂದ್ ಮಾಡ ಯವ್ವಾ, ಎದಿಗೆ ಥಂಡಿ ಬಡೀತೈತಿ" ಎಂದಳು ಅವ್ವ.

ಬಂದ್ ಮಾಡಿದೆ. ಮೂವರ ಉಸಿರಿಗೆ ಮುಂದಿನ ಗಾಜು ಮಂಜುಗಟ್ಟಿತು. ತೊರವಿ ದಾಟುವವರೆಗೆ ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದು ಕೈಯಲ್ಲಿ ಸೆರಗು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂದಾಗ ಅದರ ದೀಪ ಗಾಜಿನ ತುಂಬ ಹರಡಿ ದಾರಿಯೇ ಕಾಣಲಿಲ್ಲ. ಹೀಟರು ಬರೀ ಸುಖದ ವಸ್ತುವಲ್ಲ, ಗಾಜಿನ ಮಂಜು ಕಳೆಯುವುದೂ ಅದರ ಕೆಲಸ ಎಂದು ನನಗೆ ತಿಳಿದದ್ದು ಅಂದು. ಆಸ್ಪತ್ರೆಯಲ್ಲಿ ಅವ್ವನನ್ನು ಮೂರು ದಿನ ಇಟ್ಟುಕೊಳ್ಳುತ್ತೇವೆ ಎಂದರು. ಅಂದರೆ ರಿಪೇರಿಗೆ ನನಗಿದ್ದದ್ದು ಮೂರೇ ದಿನ.

ಗ್ಯಾರೇಜು ಇಟ್ಟಿರುವ ಹುಡುಗ ಬಬಲೇಶ್ವರದಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಇತಿಹಾಸದಲ್ಲಿ ಅವನು ಮೂವತ್ತೈದು ದಾಟಿದ್ದೇ ಹೆಚ್ಚು. ಇಂಜಿನ್ನು ಪೂರ್ತಿ ಆರಿದ ಮೇಲೆಯೇ ರೇಡಿಯೇಟರಿನ ಮುಚ್ಚಳ ತೆಗೆದ. ಬಿಸಿಯಿದ್ದಾಗ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದಂತೆ. ಒಳಗೆ ನೀರು ಗೇಣುದ್ದ ಇಳಿದಿತ್ತು, ಬಣ್ಣ ಚಹಾದ್ದು. ಅಷ್ಟಿಷ್ಟು ನೀರು ತುಂಬಿ, ಇಂಜಿನ್ನು ಹಚ್ಚಿ, ಕಾಯ್ದ ಮೇಲೆ ಹೀಟರಿಗೆ ಹೋಗುವ ಎರಡು ರಬ್ಬರ್ ಕೊಳವೆಗಳನ್ನು ಮುಟ್ಟಿ ನೋಡಿದ.

"ಅಕ್ಕೋರ, ಒಂದು ಕೈ ಸುಡ್ತೈತಿ, ಇನ್ನೊಂದು ತಣ್ಣಗೈತಿ ನೋಡ್ರಿ. ಎರಡೂ ಬಿಸಿ ಇದ್ದಿದ್ರ ಒಳಗ ಗಾಳಿ ತಿರುಗಿಸೋ ಪರದೆದ್ದು ದೋಷ. ಎರಡೂ ತಣ್ಣಗಿದ್ರ ಥರ್ಮೋಸ್ಟ್ಯಾಟ್ ನೋಡಬೇಕಾಗ್ತಿತ್ತು. ಇದು ನೀರು ಒಳಗ ಹೋಗಿ ಹೊರಗ ಬರವಲ್ದು."

ಕಾರಿನ ಹೀಟರ್ ಎಂದರೆ ಡ್ಯಾಶ್‌ಬೋರ್ಡಿನ ಹಿಂದೆ ಕುಳಿತ ಒಂದು ಪುಟ್ಟ ರೇಡಿಯೇಟರ್, ಅಷ್ಟೇ. ಇಂಜಿನ್ನನ್ನು ತಂಪು ಮಾಡಿ ತಾನು ಕಾಯ್ದ ನೀರು ಅದರೊಳಗೆ ಸುತ್ತಿ ಹೋಗುತ್ತದೆ, ಫ್ಯಾನು ಅದರ ಮೈಯ ಬಿಸಿಯನ್ನು ನಮ್ಮ ಕಡೆ ಬೀಸುತ್ತದೆ. ಹಾಗಾಗಿ ಹೀಟರ್ ಕೆಟ್ಟಿತು ಎಂದರೆ ಬಹಳ ಸಲ ಕೆಟ್ಟಿರುವುದು ನೀರಿನ ಹಾದಿ. ಈ ಪುಟ್ಟ ರೇಡಿಯೇಟರು ಎತ್ತರದಲ್ಲಿರುವುದರಿಂದ ನೀರು ಕಡಿಮೆಯಾದಾಗ ಗಾಳಿ ಅಲ್ಲಿ ಸೇರಿಕೊಂಡು ದಾರಿ ಕಟ್ಟುತ್ತದೆ. "ದ್ರಾಕ್ಷಿ ಪಡದಾಗ ಪೈಪಿಗೆ ಏರ್ ವಾಲ್ವ್ ಇರ್ತಾವಲ್ರಿ, ಹಂಗ" ಎಂದ ಹುಡುಗ.

ನನಗೆ ಗಕ್ಕನೆ ನೆನಪಾದದ್ದು ನಮ್ಮ ಊರಿನ ಗಂಜುಗಳು. ಮೂವತ್ತು ವರ್ಷದಿಂದ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತ ಬಂದಿದ್ದೇನೆ. ಪ್ರವಾಸಿಗರು ಗೋಳಗುಮ್ಮಟ ನೋಡಿ ಹೋಗಿಬಿಡುತ್ತಾರೆ. ಓಣಿಗಳ ನಡುವೆ ಮೊಂಡಾಗಿ ನಿಂತ ಈ ಚೌಕ ಗೋಪುರಗಳ ಕಡೆ ಯಾರೂ ಕತ್ತೆತ್ತುವುದಿಲ್ಲ. 1565ರ ರಕ್ಕಸಗಿ-ತಂಗಡಗಿ ಯುದ್ಧದ ನಂತರ ಆದಿಲ್‌ಶಾಹಿಗಳ ರಾಜಧಾನಿ ಬೆಳೆಯಿತು, ಬಾವಿಗಳ ನೀರು ಸಾಲದಾಯಿತು. ಪಶ್ಚಿಮಕ್ಕೆ ತೊರವಿಯಿಂದ ನೆಲದಡಿಯ ಸುರಂಗದಲ್ಲಿ, ನಡುನಡುವೆ ಬಾವಿಯಂಥ ಗಾಳಿಕಂಡಿ ಬಿಟ್ಟು, ನೀರು ತಂದರು. 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಊರಿನ ದಕ್ಷಿಣಕ್ಕೆ ಬೇಗಂ ತಲಾಬ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಹರಿಯುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೊಂದೇ ಬಲ.

ಮಣ್ಣಿನ ಕೊಳವೆ ಎಷ್ಟು ಒತ್ತಡ ತಾಳೀತು? ಅದಕ್ಕೇ ಗಂಜು. ಕೊಳವೆಯ ನೀರು ಗೋಪುರದೊಳಗೆ ಮೇಲೇರಿ ಅಲ್ಲಿಂದ ಮತ್ತೆ ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಒತ್ತಡ ಅಲ್ಲಿಗೆ ಮುರಿಯುತ್ತಿತ್ತು. ನೀರು ಬಯಲಿಗೆ ಬಂದಲ್ಲಿ ಕೊಳವೆಯಲ್ಲಿ ಸಿಕ್ಕ ಗಾಳಿಗೂ ಹೊರದಾರಿ. ಹೊತ್ತು ತಂದ ರಾಡಿ ತಳದಲ್ಲಿ ಕೂಡುತ್ತಿತ್ತು. 1686ರಲ್ಲಿ ಔರಂಗಜೇಬ ಊರು ಗೆದ್ದ ಮೇಲೆ ರಾಜಧಾನಿಯ ಕಳೆ ಹೋಯಿತು. ಕೊಳವೆ ಕಟ್ಟಿದವರ ಹೆಸರನ್ನು ಪಠ್ಯಪುಸ್ತಕ ಬರೆಯಲಿಲ್ಲ. ಗೆದ್ದವನ ಹೆಸರನ್ನು ಮಾತ್ರ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ.

ಹೀಟರಿಗೂ ಹೆಸರು ಮರೆತ ಇತಿಹಾಸವಿದೆ. ಮೊದಲ ಕಾರುಗಳಿಗೆ ಮಾಡೇ ಇರಲಿಲ್ಲ. ಚಳಿ ದೇಶಗಳಲ್ಲಿ ಕಂಬಳಿ ಹೊದ್ದು, ಕಾಲಡಿಗೆ ಕಾಯಿಸಿದ ಇಟ್ಟಿಗೆಯೋ ಕೆಂಡದ ಡಬ್ಬಿಯೋ ಇಟ್ಟುಕೊಂಡು ಓಡಿಸುತ್ತಿದ್ದರು. ಆಮೇಲೆ ಇಂಜಿನ್ನಿನ ಹೊಗೆಕೊಳವೆಯ ಕಾವನ್ನೇ ಒಳಗೆ ತಂದರು. ಕೊಳವೆ ಸೋರಿದರೆ ವಿಷದ ಹೊಗೆಯೂ ಜೊತೆಗೆ ಬರುವ ಭಯ. ಬಿಸಿನೀರಿನ ಹೀಟರು ನೆಲೆಗೊಂಡದ್ದು 1930ರ ದಶಕದಲ್ಲಿ. ಹೊರಗಿನ ಗಾಳಿಯನ್ನು ಸೋಸಿ, ಬಿಸಿನೀರಿನಿಂದ ಕಾಯಿಸಿ ಒಳಬಿಡುವ ಏರ್ಪಾಡನ್ನು ಅಮೆರಿಕದ ನ್ಯಾಶ್ ಕಂಪನಿ 1938ರಲ್ಲಿ ತಂದಿತು. ಅದಕ್ಕೂ ಎಷ್ಟೋ ಮುಂಚೆ, 1893ರಲ್ಲಿ, ಷಿಕಾಗೋದ ಮಾರ್ಗರೆಟ್ ವಿಲ್ಕಾಕ್ಸ್ ಎಂಬ ಹೆಣ್ಣುಮಗಳು 'ಕಾರ್ ಹೀಟರ್' ಎಂಬುದಕ್ಕೆ ಪೇಟೆಂಟ್ ಪಡೆದಿದ್ದಳು. ಅಂದಿನ ಆ ಕಾರು ರೈಲಿನ ಡಬ್ಬಿ. ಆದರೂ ಈ ಹೆಸರನ್ನು ಹೇಳಿದಾಗ ನನ್ನ ಒಂಬತ್ತನೆಯ ತರಗತಿಯ ಹುಡುಗಿಯರು ಬೆನ್ನು ನೇರ ಮಾಡಿ ಕೂತರು.

ಗ್ಯಾರೇಜಿಗೆ ಮರಳೋಣ. ಸೋರುತ್ತಿದ್ದದ್ದು ಒಂದು ಕೊಳವೆಯ ಸಡಿಲ ಕ್ಲಿಪ್ಪು. ಅದನ್ನು ಬದಲಿಸಿ, ಕಾರಿನ ಮೂತಿಯನ್ನು ಏರಿನ ಮೇಲೆ ಹತ್ತಿಸಿ, ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಇಂಜಿನ್ನು ಹಚ್ಚಿದ. ಸ್ವಲ್ಪ ಹೊತ್ತಿಗೆ ಗುಳುಗುಳು ಎಂದು ಗುಳ್ಳೆಗಳು ಎದ್ದವು. ನೀರು ಇಳಿದಂತೆಲ್ಲ ಮತ್ತೆ ತುಂಬಿದ. ಗುಳ್ಳೆ ನಿಂತವು, ಗಾಳಿ ಬೆಚ್ಚಗಾಯಿತು. ಆದರೆ ಬೆಚ್ಚಗಾದದ್ದು ಅಷ್ಟಕ್ಕಷ್ಟೇ.

"ಯಾವ ನೀರು ಹಾಕ್ತಿದ್ರಿ ಅಕ್ಕೋರ?"

ಎರಡು ಬೇಸಿಗೆ, ಶಾಲೆಯ ಬೋರಿನ ನೀರು. ಕೊಡ ತೊಳೆದಿಟ್ಟರೂ ತಳದಲ್ಲಿ ಬಿಳಿ ಪೊರೆ ಕಟ್ಟುವ ಅದೇ ನೀರನ್ನು ನಾನೇ ತಂಬಿಗೆಯಲ್ಲಿ ಸುರಿದಿದ್ದೆ. ಗಂಜಿನ ಮುಂದೆ ನಿಂತು ರಾಡಿ ಹೇಗೆ ಕೂಡುತ್ತದೆ ಎಂದು ಮಕ್ಕಳಿಗೆ ಪಾಠ ಹೇಳುವವಳು! ಹುಡುಗನಿಗೆ ಅದನ್ನು ಹೇಳಲು ನಾಲಿಗೆ ಬರಲಿಲ್ಲ. "ಸಿಕ್ಕಿದ್ದು ಹಾಕೀನಪಾ" ಎಂದೆ.

ಮರುದಿನ ಅವನು ಇಂಜಿನ್ನು ಆರಿಸಿ, ಎರಡೂ ಕೊಳವೆ ಬಿಚ್ಚಿ, ನೀರು ಹೊರಗೆ ಬರುವ ಕಡೆಯಿಂದ ಹದವಾಗಿ ನೀರು ಬಿಟ್ಟ. ಜೋರಾಗಿ ಬಿಟ್ಟರೆ ಹಳೆಯ ಜಾಲರಿ ಒಡೆಯುತ್ತದೆ. ಮೊದಲು ಏನೂ ಬರಲಿಲ್ಲ. ಆಮೇಲೆ ತುಕ್ಕು, ಸುಣ್ಣದ ಹೆಕ್ಕಳಿಕೆ, ಕೆಮ್ಮಣ್ಣಿನಂಥ ರಾಡಿ ಬಕೆಟ್ಟಿಗೆ ಬಿತ್ತು. ತಿಳಿಯಾಗುವವರೆಗೆ ಆಚೆಯಿಂದಲೂ ಈಚೆಯಿಂದಲೂ ತೊಳೆದ. ರೇಡಿಯೇಟರಿನದನ್ನೂ ಚೆಲ್ಲಿ, ಕೂಲಂಟಿಗೆ ಡಿಸ್ಟಿಲ್ಡ್ ನೀರು ಬೆರೆಸಿ ತುಂಬಿ, ಮತ್ತೊಮ್ಮೆ ಗಾಳಿ ತೆಗೆದ. ಈ ಸಲ ಎರಡು ಕೊಳವೆಗಳೂ ಕೈ ಸುಟ್ಟವು. ಮಜೂರಿ ಕೇಳಿದರೆ ಅರ್ಧ ಹೇಳಿದ. ಪೂರ್ತಿ ಕೊಟ್ಟೆ.

ನಾಲ್ಕನೆಯ ದಿನ ನಸುಕಿನಲ್ಲೇ ಅವ್ವನನ್ನು ಕರೆದುಕೊಂಡು ತಿಕೋಟಾಕ್ಕೆ ಹೊರಟೆ. ಗಾಜು ಕನ್ನಡಿಯಂತಿತ್ತು. ತೊರವಿಯವರೆಗೆ ಅವಳು ಬಾಯಿ ತೆರೆದು ನಿದ್ದೆ ಮಾಡಿದಳು, ಉಸಿರಿನಲ್ಲಿ ಸಿಳ್ಳು ಇರಲಿಲ್ಲ. ಅಲ್ಲಿ ಕಣ್ಣು ಬಿಟ್ಟು, ಹೊದ್ದ ಕೌದಿಯನ್ನು ಕಾಲಿನಿಂದ ಸರಿಸಿ, "ಸೆಕಿ ಆಗಾಕತ್ತೈತಲ್ಲ ಯವ್ವಾ, ತುಸು ಕಡಿಮಿ ಮಾಡ" ಎಂದಳು.